ಸಾರ್ವಜನಿಕ ಹಣದ ಸಂಶೋಧನೆಯಲ್ಲಿ ಲಿಂಗ ಸಮಾನತೆ: ಅನುದಾನದ ನಿಯಮಗಳಲ್ಲಿ ಏನೇನು ಬದಲಾಗಬೇಕು? (ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ನಿಯಮಾವಳಿ

ಸರ್ಕಾರದ ಹಣದಲ್ಲಿ ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆಗಳು ಮಹಿಳಾ ವಿಜ್ಞಾನಿಗಳಿಗಾಗಿ ಏನಾದರೂ ಮಾಡಲು ಹೊರಟಾಗ ಸಾಮಾನ್ಯವಾಗಿ ಒಂದು ಪ್ರತ್ಯೇಕ ಫೆಲೋಶಿಪ್ ತೆರೆಯುತ್ತವೆ, ವರ್ಷಕ್ಕೊಂದು ಕಾರ್ಯಾಗಾರ ನಡೆಸುತ್ತವೆ. ಎರಡೂ ಇರಲಿ. ಆದರೆ ಹಣದ ಬಹುಪಾಲು ಹೋಗುವುದು ಮಾಮೂಲಿ ಪ್ರಾಜೆಕ್ಟ್ ಅನುದಾನಗಳಿಗೆ. ಅಲ್ಲಿನ ಅರ್ಜಿ ನಮೂನೆ, ಅರ್ಹತೆಯ ಕಾಲಮಿತಿ, ಅಂಕ ಕೊಡುವ ಪದ್ಧತಿ, ಬಜೆಟ್ ಶೀರ್ಷಿಕೆಗಳು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತವೆ. ಯುನೆಸ್ಕೊ ಲೆಕ್ಕದಲ್ಲಿ ಜಗತ್ತಿನ ಸಂಶೋಧಕರಲ್ಲಿ ಮಹಿಳೆಯರು ಸುಮಾರು ಮೂರನೇ ಒಂದು ಭಾಗ. ಈ ಅಂಕಿ ಬದಲಾಗಬೇಕಾದರೆ ಕೈಹಾಕಬೇಕಾದ್ದು ಆ ಮಾಮೂಲಿ ನಿಯಮಗಳಿಗೇ ಅನ್ನುವುದು ನನ್ನ ವಾದ.

ಒಂದು ಅನುದಾನ ಸಂಸ್ಥೆ ತನ್ನ ನಿಯಮಗಳನ್ನು ಪರಿಷ್ಕರಿಸಲು ಕೂತಿದೆ ಅಂದುಕೊಳ್ಳಿ. ಯಾವ ಲೆಕ್ಕ ಇಡಬೇಕು, ಯಾವ ನಿಯಮ ಬದಲಿಸಿದರೆ ನಿಜವಾಗಿ ಫಲ ಸಿಕ್ಕಿದೆ, ಯಾವುದು ಎಡವಟ್ಟಾಗಿದೆ? ಕೆಲಸಕ್ಕೆ ಬರುವಷ್ಟು ವಿವರವಾಗಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

ಅಂಕಿಸಂಖ್ಯೆ

ಶುರು ಲೆಕ್ಕದಿಂದಲೇ ಆಗಬೇಕು. ಅನುದಾನ ಪಡೆದವರಲ್ಲಿ ಮಹಿಳೆಯರು ಶೇಕಡಾ ಎಷ್ಟು ಅನ್ನುವ ಒಂದು ಅಂಕಿ ಎಲ್ಲರ ಬಳಿಯೂ ಇರುತ್ತದೆ. ಸೋರಿಕೆ ಯಾವ ಹಂತದಲ್ಲಿ ಎಂದು ಅದರಿಂದ ತಿಳಿಯುವುದಿಲ್ಲ. ಕನಿಷ್ಠ ಇಷ್ಟು ಹಂತಗಳನ್ನು ಬೇರೆಬೇರೆಯಾಗಿ ಎಣಿಸಬೇಕು: ಆ ವಿಷಯದಲ್ಲಿ ಅರ್ಜಿ ಹಾಕಲು ಅರ್ಹರಿರುವವರು, ಹಾಕಿದವರು, ಪ್ರಾಥಮಿಕ ಪರಿಶೀಲನೆ ದಾಟಿದವರು, ಶಾರ್ಟ್‌ಲಿಸ್ಟ್ ಆದವರು, ಸಂದರ್ಶನಕ್ಕೆ ಬಂದವರು, ಮಂಜೂರಾದವರು. ಪ್ರತಿಯೊಬ್ಬರೂ ಕೇಳಿದ ಮೊತ್ತ, ಸಿಕ್ಕ ಮೊತ್ತ, ಅವಧಿ. ಒಮ್ಮೆ ತಿರಸ್ಕಾರವಾದ ಮೇಲೆ ಮತ್ತೆ ಅರ್ಜಿ ಹಾಕಿದವರೆಷ್ಟು ಎಂಬುದನ್ನೂ ಇಡಿ. ಕೆಲವು ಸುತ್ತುಗಳ ಮೇಲೆ ಅಂತರ ಬೆಳೆಯುವುದು ಅಲ್ಲೇ.

ಯಾವ ಹಂತದಲ್ಲಿ ಅಂತರ ಕಾಣುತ್ತದೋ ಅದರ ಮೇಲೆ ಮದ್ದು ಬೇರೆ. ಅರ್ಹರು ಶೇಕಡಾ 35, ಅರ್ಜಿದಾರರು ಶೇಕಡಾ 18 ಅಂತಾದರೆ ಮೌಲ್ಯಮಾಪಕರಿಗೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ. ವಯೋಮಿತಿ, ನಾಮನಿರ್ದೇಶನದ ನಿಯಮ, ಅರ್ಜಿಗೆ ಕೊಟ್ಟ ಸಮಯ ಇವನ್ನು ನೋಡಬೇಕು. ಶಾರ್ಟ್‌ಲಿಸ್ಟ್‌ನಲ್ಲಿ ಕುಸಿದರೆ ಅಂಕ ಪದ್ಧತಿ. ಮಂಜೂರಾತಿ ಸಮವಾಗಿದ್ದೂ ಮೊತ್ತದಲ್ಲಿ ವ್ಯತ್ಯಾಸವಿದ್ದರೆ ಬಜೆಟ್ ನಿಯಮ.

ಎರಡು ಬಲೆಗಳಿವೆ. ಮೊದಲನೆಯದು ಎಲ್ಲ ವಿಷಯಗಳನ್ನೂ ಒಟ್ಟು ಸೇರಿಸಿ ನೋಡುವುದು. ಒಂದು ಲೆಕ್ಕ ತೆಗೆದುಕೊಳ್ಳಿ. (ಪ್ಯಾನೆಲ್ ಅಂದರೆ ಒಂದು ವಿಷಯದ ಅರ್ಜಿಗಳಿಗೆ ಅಂಕ ಕೊಡುವ ತಜ್ಞರ ಸಮಿತಿ.) ಮೊದಲ ಪ್ಯಾನೆಲ್‌ಗೆ 100 ಮಹಿಳೆಯರು, 50 ಪುರುಷರು ಅರ್ಜಿ ಹಾಕಿದ್ದಾರೆ, ಇಬ್ಬರಿಗೂ ಯಶಸ್ಸಿನ ಪ್ರಮಾಣ ಶೇಕಡಾ 10. ಎರಡನೇ ಪ್ಯಾನೆಲ್‌ಗೆ 50 ಮಹಿಳೆಯರು, 150 ಪುರುಷರು, ಇಬ್ಬರಿಗೂ ಶೇಕಡಾ 30. ಯಾವ ಪ್ಯಾನೆಲ್‌ನಲ್ಲೂ ತಾರತಮ್ಯವಿಲ್ಲ. ಕೂಡಿಸಿದರೆ ಮಹಿಳೆಯರಿಗೆ 150ಕ್ಕೆ 25, ಅಂದರೆ ಶೇಕಡಾ 16.7, ಪುರುಷರಿಗೆ 200ಕ್ಕೆ 50, ಶೇಕಡಾ 25. ಇದು ಬರೀ ಪುಸ್ತಕದ ಲೆಕ್ಕವಲ್ಲ. ನೆದರ್ಲೆಂಡ್ಸ್‌ನ ರಾಷ್ಟ್ರೀಯ ಅನುದಾನ ಸಂಸ್ಥೆಯ 2,823 ಅರ್ಜಿಗಳ ಮೇಲೆ 2015ರಲ್ಲಿ ಬಂದ ಅಧ್ಯಯನ ಪುರುಷರಿಗೆ ಶೇಕಡಾ 17.7, ಮಹಿಳೆಯರಿಗೆ ಶೇಕಡಾ 14.9 ಯಶಸ್ಸು ಎಂದಿತು. ವಿಷಯವಾರು ಬಿಡಿಸಿದರೆ ಅಂತರದ ಹೆಚ್ಚಿನ ಪಾಲು ಕರಗುತ್ತದೆ ಎಂದು ಬೇರೆ ಸಂಖ್ಯಾಶಾಸ್ತ್ರಜ್ಞರು ಕೂಡಲೇ ತೋರಿಸಿದರು.

ಹಾಗಂತ ಅಲ್ಲಿಗೆ ಕಡತ ಮುಚ್ಚಬಾರದು. ಮಹಿಳೆಯರು ಹೆಚ್ಚಿರುವ ವಿಷಯಕ್ಕೆ ಯಶಸ್ಸಿನ ಪ್ರಮಾಣ ಯಾಕೆ ಕಡಿಮೆ? ಅರ್ಜಿಗಳ ಸಂಖ್ಯೆಗೆ ತಕ್ಕಂತೆ ಹಣ ಹಂಚದೆ ಹಿಂದಿನ ವರ್ಷದ ಹಂಚಿಕೆಯನ್ನೇ ಮುಂದುವರಿಸಿದ್ದರಿಂದ ಇರಬಹುದು. ಆ ತೀರ್ಮಾನ ತೆಗೆದುಕೊಂಡಿರುವುದು ಪ್ಯಾನೆಲ್ ಅಲ್ಲ, ಮೇಲಿನ ಮಂಡಳಿ. ಹಾಗಾಗಿ ಪ್ರಶ್ನೆ ಅಲ್ಲಿಗೇ ಹೋಗಬೇಕು.

ಎರಡನೇ ಬಲೆ ಸಣ್ಣ ಸಂಖ್ಯೆ. ವರ್ಷಕ್ಕೆ 12 ಅನುದಾನ ಕೊಡುವ ಯೋಜನೆಯಲ್ಲಿ ಹೋದ ವರ್ಷ 5 ಮಹಿಳೆಯರು, ಈ ವರ್ಷ 3 ಅಂದರೆ ಅದಕ್ಕೆ ಅರ್ಥವಿಲ್ಲ. ಮೂರರಿಂದ ಐದು ವರ್ಷ ಒಟ್ಟುಗೂಡಿಸಿ ನೋಡಿ.

ತೌಲನಿಕ

ಅಂಕ ಪದ್ಧತಿಯ ಬಗ್ಗೆ ಬರೆಯುತ್ತೇನೆ. ಈ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವುದು ಸ್ವೀಡನ್ನಿನ ಉದಾಹರಣೆ. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ 1995ರಲ್ಲಿ ಪಿಎಚ್‌ಡಿ ನಂತರದ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ 62 ಪುರುಷರು, 52 ಮಹಿಳೆಯರು ಅರ್ಜಿ ಹಾಕಿದ್ದರು. ಸಿಕ್ಕಿದ್ದು 20 ಜನರಿಗೆ, ಅವರಲ್ಲಿ ಮಹಿಳೆಯರು 4. ಕ್ರಿಸ್ಟಿನ್ ವೆನೆರೋಸ್ ಮತ್ತು ಆಗ್ನೆಸ್ ವೋಲ್ಡ್ ಮೌಲ್ಯಮಾಪನದ ಕಡತಗಳನ್ನೇ ಕೇಳಿದರು. ಮಂಡಳಿ ಕೊಡಲೊಪ್ಪದೆ ವಿಷಯ ನ್ಯಾಯಾಲಯಕ್ಕೆ ಹೋಯಿತು. ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಕೊನೆಗೆ ಕಡತ ಸಿಕ್ಕಿತು. 1997ರಲ್ಲಿ ‘ನೇಚರ್’ನಲ್ಲಿ ಅವರು ತೋರಿಸಿದ್ದು ಇದು: ಪುರುಷನಿಗೆ ಸಿಕ್ಕಷ್ಟೇ ಸಾಮರ್ಥ್ಯದ ಅಂಕ ಮಹಿಳೆಗೆ ಸಿಗಬೇಕಾದರೆ ಅವಳ ಪ್ರಕಟಣೆಯ ಸಾಧನೆ ಸುಮಾರು 2.5 ಪಟ್ಟು ಇರಬೇಕಿತ್ತು. ಸಮಿತಿಯ ಸದಸ್ಯರ ಪರಿಚಯವಿದ್ದವರಿಗೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಲಾಭ ಸಿಕ್ಕಿತ್ತು.

ಹೆಚ್ಚು ಜನ ಗಮನಿಸದ ಒಂದು ವಿವರ ಅಲ್ಲಿದೆ. ಮೌಲ್ಯಮಾಪಕರು ಮೂರು ವಿಷಯಗಳಿಗೆ 0ರಿಂದ 4ರವರೆಗೆ ಅಂಕ ಕೊಟ್ಟು, ಆ ಮೂರನ್ನೂ ಗುಣಿಸುತ್ತಿದ್ದರು. ಗುಣಾಕಾರ ಸಣ್ಣ ಕೊರತೆಯನ್ನು ಹಿಗ್ಗಿಸುತ್ತದೆ. 3×3×3 ಅಂದರೆ 27. ಎರಡು ಕಡೆ ಬರೀ ಅರ್ಧ ಅಂಕ ಕಡಿಮೆಯಾದರೆ 2.5×2.5×3, ಅಂದರೆ 18.75. ಸಂಕಲನದಲ್ಲಿ ಅದೇ ಕೊರತೆ 9ಕ್ಕೆ 8. ಹಣ ಸಿಗುವ ಗೆರೆ ಬಿಗಿಯಾಗಿರುವಾಗ ಈ ವ್ಯತ್ಯಾಸವೇ ಭವಿಷ್ಯ ತೀರ್ಮಾನಿಸುತ್ತದೆ. ಇಂದಿಗೂ ಅಂಕಗಳನ್ನು ಗುಣಿಸುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಮೊದಲು ಅದನ್ನು ತೆಗೆದು, ತೂಕ ನಿಗದಿಪಡಿಸಿದ ಸಂಕಲನಕ್ಕೆ ಬನ್ನಿ.

ಆದರೆ ಸ್ವೀಡನ್ ಬಗ್ಗೆ ಮಾತಾಡುವವರು ಮುಂದಿನ ಅಧ್ಯಾಯ ಹೇಳುವುದಿಲ್ಲ. 2008ರಲ್ಲಿ ಬಂದ ಮರುಅಧ್ಯಯನದಲ್ಲಿ ಮಹಿಳೆಯರಿಗೆ ಆಗುತ್ತಿದ್ದ ನಷ್ಟ ಕಾಣಲಿಲ್ಲ, ಸ್ವಲ್ಪ ಲಾಭವೇ ಕಂಡಿತು. ಪರಿಚಯಸ್ಥರಿಗೆ ಸಿಗುವ ಲಾಭ ಮಾತ್ರ ಹಾಗೇ ಉಳಿದಿತ್ತು. ಅಂದರೆ ಬೆಳಕು ಬಿದ್ದ ಜಾಗ ಸರಿಹೋಯಿತು, ಬೀಳದ ಜಾಗ ಹೋಗಲಿಲ್ಲ. ಪರಿಚಯದ ಜಾಲ ಪುರುಷರಲ್ಲೇ ದಟ್ಟವಾಗಿರುವ ವಿಷಯಗಳಲ್ಲಿ ಹಿತಾಸಕ್ತಿ ಘೋಷಣೆಯ ನಿಯಮ ಬಿಗಿಗೊಳಿಸುವುದೂ ಲಿಂಗ ಸಮಾನತೆಯ ಕೆಲಸವೇ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತ ಪುರಾವೆ ಕೆನಡಾದ್ದು. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ 2014ರಲ್ಲಿ ತನ್ನ ಅನುದಾನವನ್ನು ಎರಡಾಗಿ ಒಡೆಯಿತು. ಒಂದರಲ್ಲಿ ಮುಖ್ಯವಾಗಿ ಪ್ರಸ್ತಾವನೆಯ ವಿಜ್ಞಾನಕ್ಕೆ ಅಂಕ, ಇನ್ನೊಂದರಲ್ಲಿ ಮುಖ್ಯ ಸಂಶೋಧಕರ ಯೋಗ್ಯತೆಗೇ ಹೆಚ್ಚು ಒತ್ತು. 23,918 ಅರ್ಜಿಗಳನ್ನು ನೋಡಿದ ಅಧ್ಯಯನ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ವಯಸ್ಸು, ವಿಷಯ ಎರಡನ್ನೂ ಹೊಂದಿಸಿ ನೋಡಿದಾಗ ಯಶಸ್ಸಿನಲ್ಲಿ ಮಹಿಳೆಯರು ಪುರುಷರಿಗಿಂತ ಹಿಂದಿದ್ದ ಅಂತರ ವಿಜ್ಞಾನವನ್ನು ಅಳೆದ ಕಡೆ 0.9 ಶೇಕಡಾ ಅಂಶ, ವ್ಯಕ್ತಿಯನ್ನು ಅಳೆದ ಕಡೆ 4.0. ಒಂದೇ ಸಂಸ್ಥೆ, ಒಂದೇ ಕಾಲ. ಬದಲಾಗಿದ್ದು ಅಂಕ ಯಾವುದಕ್ಕೆ ಅನ್ನುವುದು. ಇದಕ್ಕಿಂತ ಸ್ಪಷ್ಟವಾದ ಸೂಚನೆ ನಿಯಮ ಬರೆಯುವವರಿಗೆ ಬೇಕಿಲ್ಲ.

ಹಾಗಾದರೆ ನಮೂನೆಯಲ್ಲಿ ಏನು ಮಾಡಬೇಕು? “ಸಂಶೋಧಕರ ಶ್ರೇಷ್ಠತೆ: 40 ಅಂಕ” ಎಂಬಂಥ ಸಾಲು ತೆಗೆಯಿರಿ. ಅದರ ಜಾಗದಲ್ಲಿ “ಈ ಪ್ರಸ್ತಾವನೆಯನ್ನು ನಡೆಸಲು ಬೇಕಾದ ಪರಿಣತಿ ತಂಡದಲ್ಲಿದೆಯೇ: ಹೌದು / ಭಾಗಶಃ / ಇಲ್ಲ, ಕಾರಣ ಬರೆಯಿರಿ” ಎಂದಿರಲಿ. ಒಟ್ಟು ಪ್ರಕಟಣೆ, ಎಚ್‌-ಸೂಚ್ಯಂಕ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಕೇಳಬೇಡಿ (ಕೊನೆಯ ಎರಡು, ಸಂಶೋಧಕರ ಲೇಖನಗಳನ್ನು ಮತ್ತು ಪತ್ರಿಕೆಯ ಲೇಖನಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆಗಳು). ಆಯ್ದ ಐದು ಕೃತಿಗಳು, ಪ್ರತಿಯೊಂದರಲ್ಲೂ ಅರ್ಜಿದಾರರ ಪಾಲೇನು ಎಂದು ಎರಡು ಸಾಲು ಸಾಕು. ಎಚ್‌-ಸೂಚ್ಯಂಕ ವೃತ್ತಿಯ ವರ್ಷಗಳ ಜೊತೆ ಏರುತ್ತಲೇ ಹೋಗುವ ಅಂಕಿ. ನಡುವೆ ಎರಡು ವರ್ಷ ಬಿಟ್ಟವರಿಗೂ ಬಿಡದವರಿಗೂ ಅದೇ ಗಜಕೋಲು ಇಡುವುದು ಸರಿಯಾದ ಅಳತೆಯಲ್ಲ.

ಮಧ್ಯರಾತ್ರಿ_ಓದುಗ

ಇಷ್ಟೆಲ್ಲ ಯಾಕೆ? ಅರ್ಜಿಯಲ್ಲಿ ಹೆಸರೇ ಇಲ್ಲದಂತೆ ಮಾಡಿದರೆ ಮುಗಿಯಲಿಲ್ಲವೇ?

ತೌಲನಿಕ

ಒಳ್ಳೆಯ ಉಪಾಯ, ಸರಿಯಾಗಿ ಮಾಡಿದರೆ. ಹಬಲ್ ಬಾಹ್ಯಾಕಾಶ ದೂರದರ್ಶಕದ ವೀಕ್ಷಣಾ ಸಮಯವೂ ಸಾರ್ವಜನಿಕ ಸಂಪನ್ಮೂಲವೇ. ಅದಕ್ಕೆ 2018ರ 26ನೇ ಸುತ್ತಿನಿಂದ ಎರಡೂ ಕಡೆ ಹೆಸರು ಮರೆಮಾಡುವ ಪದ್ಧತಿ ತಂದರು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಪುರುಷರ ಯಶಸ್ಸಿನ ಪ್ರಮಾಣವೇ ಮೇಲಿರುತ್ತಿತ್ತು. ಆ ಸುತ್ತಿನಲ್ಲಿ ಮಹಿಳೆಯರದು ತುಸು ಮೇಲಾಯಿತು.

ಆದರೆ ಮೊದಲ ಪುಟದ ಹೆಸರು ಅಳಿಸಿದರೆ ಸಾಲದು. “ನಮ್ಮ ಹಿಂದಿನ ಕೆಲಸದಲ್ಲಿ (12)” ಎಂದು ಬರೆದರೆ ಗುಟ್ಟು ಹೊರಬಿತ್ತು. “ಹಿಂದಿನ ಕೆಲಸವೊಂದು (12) ತೋರಿಸಿದಂತೆ” ಎಂದು ಮೂರನೆಯವರ ಕೆಲಸದಂತೆಯೇ ಬರೆಯಬೇಕು. ಉಲ್ಲೇಖಗಳಿಗೆ ಹೆಸರಿನ ಬದಲು ಸಂಖ್ಯೆ. ಪಿಡಿಎಫ್ ಕಡತದ ಗುಣಲಕ್ಷಣಗಳಲ್ಲಿ ಲೇಖಕರ ಹೆಸರು ಉಳಿದಿರುತ್ತದೆ, ಅದನ್ನು ತೆಗೆಯಬೇಕು. “ನಮ್ಮ ಪ್ರಯೋಗಾಲಯದಲ್ಲಿ ಮಾತ್ರ ಇರುವ ಉಪಕರಣ” ಎಂಬಂಥ ವಾಕ್ಯಗಳೂ ಹೆಸರು ಹೇಳಿದಂತೆಯೇ. ತಂಡದ ಪರಿಣತಿಯ ವಿವರ ಪ್ರತ್ಯೇಕ ಕಡತದಲ್ಲಿರಬೇಕು; ಶ್ರೇಯಾಂಕ ಪಟ್ಟಿ ಅಂತಿಮವಾದ ಮೇಲಷ್ಟೇ ಅದನ್ನು ತೆರೆಯಬೇಕು. ತೆರೆದ ಮೇಲೆ ಒಂದು ಅರ್ಜಿಯನ್ನು ಅನರ್ಹಗೊಳಿಸಲು ಅವಕಾಶವಿರಬೇಕು, ಯಾರನ್ನೂ ಮೇಲೆತ್ತಲು ಇರಬಾರದು. ಹಬಲ್ ಪ್ಯಾನೆಲ್‌ಗಳಲ್ಲಿ ಇದಕ್ಕೆಂದೇ ಒಬ್ಬರು ಕೂತಿರುತ್ತಾರೆ. ಚರ್ಚೆ “ಇದು ಇಂಥವರ ತಂಡದ್ದೇ ಇರಬೇಕು” ಎಂದು ಜಾರಿದ ಕ್ಷಣ ಅದನ್ನು ನಿಲ್ಲಿಸುವುದಷ್ಟೇ ಅವರ ಕೆಲಸ. ಈ ಒಬ್ಬ ವ್ಯಕ್ತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೆ ಪದ್ಧತಿ ಕಾಗದದಲ್ಲೇ ಉಳಿಯುತ್ತದೆ.

ಮಿತಿಯೂ ಇದೆ. ಹತ್ತೇ ತಂಡಗಳಿರುವ ಸಣ್ಣ ಕ್ಷೇತ್ರದಲ್ಲಿ ಎಲ್ಲರೂ ಊಹಿಸಿಬಿಡುತ್ತಾರೆ. ಹೆಸರು ಮರೆಮಾಡಿದ ಮೇಲೂ ಅಂತರ ಉಳಿಯಬಹುದು. ಗೇಟ್ಸ್ ಪ್ರತಿಷ್ಠಾನಕ್ಕೆ ಬಂದ ಹೆಸರಿಲ್ಲದ ಅರ್ಜಿಗಳ ವಿಶ್ಲೇಷಣೆಯಲ್ಲಿ (ಅದು ಖಾಸಗಿ ಹಣ, ಆದರೂ ಪಾಠ ಇಲ್ಲಿಗೂ ಅನ್ವಯಿಸುತ್ತದೆ) ಮಹಿಳೆಯರ ಅರ್ಜಿಗಳಿಗೆ ಅಂಕ ಕಡಿಮೆ ಬಂದಿದ್ದವು. ಅದಕ್ಕೆ ಅವರ ಪದಪ್ರಯೋಗದ ಜೊತೆ ನಂಟು ಕಂಡಿತು: ವಿಷಯಕ್ಕೆ ನಿರ್ದಿಷ್ಟವಾದ ಪದಗಳನ್ನು ಬಳಸಿದವರಿಗೆ ಕಡಿಮೆ, ವಿಶಾಲ ಪದಗಳಲ್ಲಿ ದೊಡ್ಡ ಮಾತಾಡಿದವರಿಗೆ ಹೆಚ್ಚು. ಹಾಗಾಗಿ ನಮೂನೆಯಲ್ಲಿ “ಈ ಸಂಶೋಧನೆಯ ಮಹತ್ವ ವಿವರಿಸಿ” ಎಂಬ ಬಿಡುಬೀಸು ಪ್ರಶ್ನೆ ಬೇಡ. “ಯಾವ ಅಳತೆ ಬದಲಾಗುತ್ತದೆ, ಎಷ್ಟು, ಯಾವ ವಿಧಾನದಿಂದ ಗೊತ್ತಾಗುತ್ತದೆ” ಎಂದು ಕೇಳಿ.

ಕಡತಪಾಲ

ನಾನು ಕಾಲಮಿತಿ ಮತ್ತು ದುಡ್ಡಿನ ಕಡೆಗೆ ಬರುತ್ತೇನೆ. ಒಳ್ಳೆಯ ಉದ್ದೇಶದ ನಿಯಮಗಳು ಅತಿ ಹೆಚ್ಚು ಕೆಡುವುದು ಇಲ್ಲಿ.

ಅರ್ಹತೆಯ ಅವಧಿ. ವಯಸ್ಸಿನ ಮಿತಿ ತೆಗೆದು “ಪಿಎಚ್‌ಡಿ ಆದ ಮೇಲೆ ಇಷ್ಟು ವರ್ಷ” ಎಂದು ಮಾಡಿದರೆ ಅರ್ಧ ಸರಿಯಾಯಿತು. ಉಳಿದರ್ಧ ಬಿಡುವಿನ ಲೆಕ್ಕ. ಯುರೋಪಿಯನ್ ಒಕ್ಕೂಟದ ಅನುದಾನ ಸಂಸ್ಥೆಯಾದ ಯುರೋಪಿಯನ್ ರಿಸರ್ಚ್ ಕೌನ್ಸಿಲ್ ತಾಯಂದಿರಿಗೆ ಪ್ರತಿ ಮಗುವಿಗೆ 18 ತಿಂಗಳು ಸೇರಿಸುತ್ತದೆ, ರಜೆ ಎಷ್ಟು ತೆಗೆದುಕೊಂಡಿರಿ ಎಂದು ಕೇಳುವುದಿಲ್ಲ. ತಂದೆಯರಿಗೆ ಅವರು ದಾಖಲೆ ಸಮೇತ ತೆಗೆದುಕೊಂಡ ರಜೆಯಷ್ಟು. ಈ ವ್ಯತ್ಯಾಸ ಅನ್ಯಾಯ ಅಂತ ಕೆಲವರಿಗೆ ಅನಿಸಬಹುದು. ಇಬ್ಬರಿಗೂ ಕಣ್ಣುಮುಚ್ಚಿ ಒಂದೇ ವಿನಾಯಿತಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಅಮೆರಿಕದ ಅಗ್ರ ಅರ್ಥಶಾಸ್ತ್ರ ವಿಭಾಗಗಳಲ್ಲಿ ಮಗುವಾದಾಗ ಕಾಯಂ ನೇಮಕಾತಿಯ ಗಡುವನ್ನು ತಾಯಿ ತಂದೆ ಇಬ್ಬರಿಗೂ ಮುಂದೂಡುವ ನಿಯಮ ತಂದ ಮೇಲೆ ಪುರುಷರ ಕಾಯಮಾತಿ ಪ್ರಮಾಣ ಏರಿತು, ಮಹಿಳೆಯರದು ಇಳಿಯಿತು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಸಿಕ್ಕ ಹೆಚ್ಚುವರಿ ವರ್ಷದಲ್ಲಿ ಪುರುಷರು ಉತ್ತಮ ಪತ್ರಿಕೆಗಳಲ್ಲಿ ಹೆಚ್ಚು ಪ್ರಕಟಿಸಿದ್ದರು. ನಿಜವಾಗಿ ಆರೈಕೆಯಲ್ಲಿ ಕಳೆದ ಸಮಯಕ್ಕೆ ವಿನಾಯಿತಿ ಕೊಡಿ, ತಂದೆಯೂ ಹಾಗೆ ಕಳೆದಿದ್ದರೆ ಅವರಿಗೂ ಪೂರ್ತಿ ಕೊಡಿ.

ವಿನಾಯಿತಿಯನ್ನು ಆನ್‌ಲೈನ್ ನಮೂನೆಯೇ ಲೆಕ್ಕ ಹಾಕಬೇಕು. ಮಗುವಿನ ಜನನ ವರ್ಷ ತುಂಬಿದರೆ ಹೊಸ ಗಡುವು ತಾನಾಗಿ ಬರಲಿ. “ವಿಶೇಷ ಕೋರಿಕೆ ಪತ್ರ” ಬೇಕೆಂದರೆ ಎಷ್ಟೋ ಜನ ವಿನಾಯಿತಿ ಕೇಳುವುದೇ ಇಲ್ಲ. ಮೌಲ್ಯಮಾಪಕರಿಗೆ “ಸಕ್ರಿಯ ಸಂಶೋಧನಾ ವರ್ಷಗಳು: 6.5” ಎಂದಷ್ಟೇ ಕಾಣಬೇಕು, ಹೆರಿಗೆಯೋ, ಕಾಯಿಲೆಯೋ, ವಯಸ್ಸಾದವರ ಆರೈಕೆಯೋ ಅವರಿಗೆ ತಿಳಿಯಬೇಕಾಗಿಲ್ಲ.

ಈಗ ಅನುದಾನ ನಡೆಯುತ್ತಿರುವಾಗಿನ ರಜೆ. “ಹೆಚ್ಚುವರಿ ವೆಚ್ಚವಿಲ್ಲದ ಅವಧಿ ವಿಸ್ತರಣೆ” ಕೊಡುತ್ತೇವೆ ಎಂದು ಬಹುತೇಕ ಸಂಸ್ಥೆಗಳು ಹೆಮ್ಮೆಯಿಂದ ಹೇಳುತ್ತವೆ. ಲೆಕ್ಕ ಹಾಕಿ. 36 ತಿಂಗಳ ಪ್ರಾಜೆಕ್ಟ್, ಇಬ್ಬರು ರಿಸರ್ಚ್ ಫೆಲೋಗಳು, ಅಂದರೆ ಸಂಬಳಕ್ಕೆ ಮೀಸಲಿಟ್ಟಿದ್ದು 72 ಮಾನವ-ತಿಂಗಳು. ಮುಖ್ಯ ಸಂಶೋಧಕಿ ಆರು ತಿಂಗಳು ಹೆರಿಗೆ ರಜೆಗೆ ಹೋದಾಗಲೂ ಫೆಲೋಗಳ ಸಂಬಳ ನಡೆದೇ ಇರುತ್ತದೆ. ಅವಧಿ 42 ತಿಂಗಳಿಗೆ ವಿಸ್ತರಿಸಿದರೆ ಬೇಕಾಗುವುದು 84 ಮಾನವ-ತಿಂಗಳು. ಹಣ ಇರುವುದು 72ಕ್ಕೇ. ಕೊನೆಯ ಆರು ತಿಂಗಳು, ಅಂದರೆ ಫಲಿತಾಂಶ ಬರೆಯುವ ಕಾಲದಲ್ಲಿ, ತಂಡವೇ ಇರುವುದಿಲ್ಲ. ವಿಸ್ತರಣೆಯ ಜೊತೆ ಸಂಬಳದ ಹಣವೂ ಬರಬೇಕು. ಇದಕ್ಕೊಂದು ಪ್ರತ್ಯೇಕ ಶೀರ್ಷಿಕೆ ಬೇಕು.

ಫೆಲೋ ಆಗಿರುವ ಯುವತಿಯೇ ರಜೆಗೆ ಹೋದರೆ? ಅವಳ ರಜೆ ಸಂಬಳವನ್ನು ಅದೇ ಪ್ರಾಜೆಕ್ಟ್‌ನಿಂದ ಭರಿಸಬೇಕು ಎಂಬ ನಿಯಮವಿದ್ದರೆ, ಯುವತಿಯರನ್ನು ನೇಮಿಸಿಕೊಳ್ಳಲು ಮುಖ್ಯ ಸಂಶೋಧಕರು ಹಿಂಜರಿಯುವಂತೆ ಆ ನಿಯಮವೇ ಮಾಡುತ್ತದೆ. ರಜೆ ಸಂಬಳವೂ ಬದಲಿ ನೇಮಕದ ಸಂಬಳವೂ ಅನುದಾನ ಸಂಸ್ಥೆಯ ಕೇಂದ್ರ ನಿಧಿಯಿಂದ ಬರಬೇಕು, ಪ್ರಾಜೆಕ್ಟ್ ಲೆಕ್ಕದಿಂದ ಒಂದು ಪೈಸೆಯೂ ಹೋಗಬಾರದು. ಈ ಚರ್ಚೆಯಲ್ಲಿ ಒಂದೇ ಒಂದು ನಿಯಮ ಜಾರಿಯಾಗಲಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಮೊತ್ತದ ವಿಷಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) 2006ರಿಂದ 2017ರವರೆಗೆ ಮೊದಲ ಬಾರಿ ಮುಖ್ಯ ಸಂಶೋಧಕರಾದವರಿಗೆ ಕೊಟ್ಟ ಅನುದಾನಗಳಲ್ಲಿ ಮಧ್ಯಮ ಮೊತ್ತ (ಎಲ್ಲವನ್ನೂ ಸಾಲಾಗಿ ಇಟ್ಟಾಗ ನಡುವೆ ಬರುವುದು) ಮಹಿಳೆಯರಿಗೆ 1,26,615 ಡಾಲರ್, ಪುರುಷರಿಗೆ 1,65,721 ಡಾಲರ್. ಇಂಥ ಅಂತರಕ್ಕೆ ಕಡಿವಾಣ ಹಾಕಲು ಒಂದು ಸುಲಭ ದಾರಿ ಇದೆ: ಪ್ರಸ್ತಾವನೆ ಆಹ್ವಾನದಲ್ಲೇ ಹಿಂದಿನ ಮೂರು ಸುತ್ತುಗಳ ಮಂಜೂರಾದ ಕನಿಷ್ಠ, ಮಧ್ಯಮ, ಗರಿಷ್ಠ ಮೊತ್ತ ಪ್ರಕಟಿಸಿ. ಹಿರಿಯರ ಪರಿಚಯವಿದ್ದವರಿಗೆ ಆ ಅಂಕಿ ಬಾಯಿಮಾತಲ್ಲಿ ಗೊತ್ತಿರುತ್ತದೆ, ಇಲ್ಲದವರು ಹೆದರಿ ಕಡಿಮೆ ಕೇಳುತ್ತಾರೆ. ಪ್ಯಾನೆಲ್ ಬಜೆಟ್ ಕಡಿತಗೊಳಿಸಿದರೆ ಯಾವ ಶೀರ್ಷಿಕೆಯಲ್ಲಿ, ಯಾಕೆ ಎಂದು ಲಿಖಿತವಾಗಿರಬೇಕು.

ಬೀಕರ್

ಎಲ್ಲರೂ ಸಂಶೋಧಕರ ಬಗ್ಗೆ ಬರೆದಿದ್ದೀರಿ. ಸಂಶೋಧನೆಯ ಒಳಗೇ ಹೆಣ್ಣು ಕಾಣೆಯಾಗಿರುವುದೂ ಇದೇ ವಿಷಯದ ಭಾಗ. ಸಾರ್ವಜನಿಕ ಹಣದಲ್ಲಿ ಬಂದ ಜ್ಞಾನ ಅರ್ಧ ಜನಸಂಖ್ಯೆಗೆ ಅನ್ವಯಿಸದಿದ್ದರೆ ಆ ಹಣಕ್ಕೆ ನ್ಯಾಯ ಸಿಕ್ಕಂತಾಗಲಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಗರ್ಭ ಧರಿಸುವ ಸಾಮರ್ಥ್ಯವಿರುವ ಮಹಿಳೆಯರನ್ನು ಆರಂಭಿಕ ಹಂತದ ಔಷಧ ಪರೀಕ್ಷೆಗಳಿಂದ ಹೊರಗಿಡಲು ಸೂಚಿಸಿತ್ತು. ಅದು ತೆರವಾಗಿದ್ದು 1993ರಲ್ಲಿ. ಎನ್‌ಐಎಚ್ ಹಣ ಪಡೆಯುವ ಕ್ಲಿನಿಕಲ್ ಸಂಶೋಧನೆಯಲ್ಲಿ ಮಹಿಳೆಯರನ್ನು ಸೇರಿಸಲೇಬೇಕೆಂಬ ಕಾನೂನು ಬಂದಿದ್ದೂ ಅದೇ ವರ್ಷ. ಪರಿಣಾಮ ಹೇಗಿರುತ್ತದೆ ನೋಡಿ: ನಿದ್ರೆಯ ಮಾತ್ರೆ ಜೋಲ್ಪಿಡೆಮ್ ಮಹಿಳೆಯರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ, ಮರುದಿನ ಬೆಳಿಗ್ಗೆ ವಾಹನ ಓಡಿಸುವಾಗಲೂ ಮಂಪರು ಉಳಿದಿರಬಹುದು. ಔಷಧ ಮಾರುಕಟ್ಟೆಗೆ ಬಂದು ಎರಡು ದಶಕವಾದ ಮೇಲೆ, 2013ರಲ್ಲಿ, ಮಹಿಳೆಯರಿಗೆ ಸೂಚಿಸುವ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದರು.

ಪ್ರಾಣಿ ಪ್ರಯೋಗಗಳಲ್ಲೂ ಹೀಗೇ. ನರವಿಜ್ಞಾನದಲ್ಲಿ ಗಂಡು ಪ್ರಾಣಿಗಳನ್ನು ಮಾತ್ರ ಬಳಸಿದ ಅಧ್ಯಯನಗಳು ಹೆಣ್ಣು ಪ್ರಾಣಿಗಳನ್ನು ಮಾತ್ರ ಬಳಸಿದವುಗಳ 5.5 ಪಟ್ಟು ಇದ್ದವು ಎಂದು 2011ರ ಸಮೀಕ್ಷೆ ಹೇಳಿತು. ಋತುಚಕ್ರದಿಂದ ಹೆಣ್ಣು ಇಲಿಗಳ ಅಳತೆಗಳು ಹೆಚ್ಚು ಏರುಪೇರಾಗುತ್ತವೆ ಎಂಬುದು ಹಳೆಯ ಸಮರ್ಥನೆ. 2014ರಲ್ಲಿ ನೂರಾರು ಪ್ರಕಟಣೆಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಹೆಣ್ಣು ಇಲಿಗಳ ಏರುಪೇರು ಗಂಡಿನದಕ್ಕಿಂತ ಹೆಚ್ಚಿರಲಿಲ್ಲ. ಲಿಂಗವನ್ನು ಜೈವಿಕ ಅಂಶವಾಗಿ ಪರಿಗಣಿಸಬೇಕೆಂಬ ಎನ್‌ಐಎಚ್ ನಿಯಮ 2016ರಲ್ಲಿ ಜಾರಿಯಾಯಿತು.

“ಎರಡೂ ಲಿಂಗ ಬಳಸಿದರೆ ಪ್ರಾಣಿಗಳು ಇಮ್ಮಡಿ, ಖರ್ಚು ಇಮ್ಮಡಿ” ಎಂದು ಅರ್ಜಿದಾರರು ಹೇಳುತ್ತಾರೆ. ಹಾಗೇನಿಲ್ಲ. ಚಿಕಿತ್ಸೆ ಕೊಟ್ಟ ಗುಂಪು 12, ಕೊಡದ ಗುಂಪು 12 ಇದ್ದರೆ ಪ್ರತಿ ಗುಂಪಿನಲ್ಲಿ 6 ಗಂಡು, 6 ಹೆಣ್ಣು ಮಾಡಿ. ಒಟ್ಟು 24ರಲ್ಲೇ ಇರುತ್ತದೆ. ಚಿಕಿತ್ಸೆ ಮತ್ತು ಲಿಂಗ ಎರಡನ್ನೂ ಅಂಶಗಳಾಗಿಟ್ಟು ವಿಶ್ಲೇಷಿಸಿದರೆ ಮುಖ್ಯ ಪರಿಣಾಮ (ಚಿಕಿತ್ಸೆ ಒಟ್ಟಾರೆ ಕೆಲಸ ಮಾಡಿತೇ ಎಂಬುದು) ಕಂಡುಹಿಡಿಯುವ ಶಕ್ತಿ ಹೆಚ್ಚೇನೂ ಕುಂದುವುದಿಲ್ಲ. ಆದರೆ ಚಿಕಿತ್ಸೆಯ ಪರಿಣಾಮ ಗಂಡಿಗೂ ಹೆಣ್ಣಿಗೂ ಬೇರೆಯೇ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಮಾತು ಬೇರೆ. ಮುಖ್ಯ ಪರಿಣಾಮದಷ್ಟೇ ಗಾತ್ರದ ಆ ವ್ಯತ್ಯಾಸವನ್ನು ಅಷ್ಟೇ ಖಚಿತವಾಗಿ ಹಿಡಿಯಲು ಸುಮಾರು ನಾಲ್ಕು ಪಟ್ಟು ಮಾದರಿ ಬೇಕು. ಅದಕ್ಕೆ ತಕ್ಕ ಹಣ ಕೊಡಬೇಕಾದ್ದು ಅನುದಾನ ಸಂಸ್ಥೆಯ ಹೊಣೆ.

ನಿಯಮ ಬಂದ ಮೇಲೆ ಕೆಡುವ ರೀತಿ ಒಂದೇ: “ಎರಡೂ ಲಿಂಗಗಳನ್ನು ಬಳಸಲಾಗುವುದು” ಎಂಬ ಒಂದು ಸಾಲು ಬರೆದು, ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ ಒಂದೇ ಸರಾಸರಿ ಕೊಡುತ್ತಾರೆ. ಅರ್ಜಿಯಲ್ಲೇ ವಿಶ್ಲೇಷಣೆಯ ಯೋಜನೆ ಕೇಳಿ. ಅಂತಿಮ ವರದಿಯಲ್ಲಿ ಲಿಂಗವಾರು ಕೋಷ್ಟಕ ಇಲ್ಲದಿದ್ದರೆ ಕೊನೆಯ ಕಂತು ತಡೆಹಿಡಿಯಿರಿ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳನ್ನು (ಸೆಲ್ ಲೈನ್) ಬಳಸುವವರೂ ಮೂಲ ದಾನಿಯ ಲಿಂಗ ದಾಖಲಿಸಲಿ. ಒಂದೇ ಲಿಂಗ ಸಾಕಾಗುವ ಸಂಶೋಧನೆಗೆ (ಪ್ರಾಸ್ಟೇಟ್, ಅಂಡಾಶಯ) ವಿನಾಯಿತಿ ಸಹಜ, ಕಾರಣ ಬರೆಯಬೇಕು ಅಷ್ಟೇ.

ಮಧ್ಯರಾತ್ರಿ_ಓದುಗ

ಒಪ್ಪಿದೆ, ಹೆಸರು ಮುಚ್ಚುವುದೊಂದೇ ಸಾಲದು. ಆದರೆ ಮೀಸಲು? ಇಷ್ಟು ಅನುದಾನ ಮಹಿಳೆಯರಿಗೇ ಎಂದು ತೆಗೆದಿಟ್ಟರೆ ಗುಣಮಟ್ಟ ಇಳಿಯುತ್ತದೆ ಅನ್ನುವ ವಾದಕ್ಕೆ ಏನು ಉತ್ತರ? ಸಾರ್ವಜನಿಕ ಹಣ ಅಂದಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ.

ಅಂಕಿಸಂಖ್ಯೆ

ಉತ್ತರ ಅಂಕಗಳ ನಿಖರತೆಯಲ್ಲೇ ಇದೆ. 25 ಎನ್‌ಐಎಚ್ ಅರ್ಜಿಗಳನ್ನು 43 ಮೌಲ್ಯಮಾಪಕರಿಗೆ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಒಂದೇ ಅರ್ಜಿಯ ಬಗ್ಗೆ ಮೌಲ್ಯಮಾಪಕರ ನಡುವೆ ಹೊಂದಾಣಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಆ ಅರ್ಜಿಗಳೆಲ್ಲ ಒಳ್ಳೆಯವೇ. ಅಂದರೆ ತೀರಾ ದುರ್ಬಲವಾದವನ್ನು ಪ್ಯಾನೆಲ್ ಬೇರ್ಪಡಿಸಬಲ್ಲದು, ಒಳ್ಳೆಯವುಗಳ ನಡುವೆ 8.1 ದೊಡ್ಡದೋ 8.0 ದೊಡ್ಡದೋ ಎಂಬುದಕ್ಕೆ ಅರ್ಥ ಕಡಿಮೆ. ಕಟ್‌ಆಫ್ ಬೀಳುವುದು ಆ ಜಾಗದಲ್ಲೇ. ಅಲ್ಲಿ ಒಂದು ಪಟ್ಟಿ (ಇಷ್ಟರಿಂದ ಇಷ್ಟು ಅಂಕ ಎಂಬ ವ್ಯಾಪ್ತಿ) ಗುರುತಿಸಿ, ಅದರೊಳಗಿರುವವರೆಲ್ಲ ಸಮಾನರು ಎಂದು ಮೊದಲೇ ಘೋಷಿಸಿ, ಆ ಸಮಾನರಲ್ಲಿ ಸಮತೋಲನ ನೋಡಿ ಆರಿಸಿದರೆ ಗುಣಮಟ್ಟ ಕಳೆಯುವುದಿಲ್ಲ. ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನವಾದ ಹೊರೈಜನ್ ಯೋಜನೆಯಲ್ಲಿ ಸಮಾನ ಅಂಕ ಬಂದ ಪ್ರಸ್ತಾವನೆಗಳ ಕ್ರಮ ನಿರ್ಧರಿಸುವಾಗ ತಂಡದ ಸಂಶೋಧಕರ ಲಿಂಗ ಸಮತೋಲನವೂ ಒಂದು ಹಂತ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಇನ್ನೂ ಮುಂದೆ ಹೋಗಿ, ತನ್ನ ದೊಡ್ಡ ವೈಯಕ್ತಿಕ ಅನುದಾನಗಳನ್ನು ಮಹಿಳೆಯರಿಗೂ ಪುರುಷರಿಗೂ ಸಮಸಂಖ್ಯೆಯಲ್ಲಿ ಕೊಡುವ ಗುರಿಯನ್ನು 2022ರಲ್ಲಿ ಘೋಷಿಸಿತು.

ಪಟ್ಟಿಯ ಅಗಲವನ್ನು ಅಂಕಗಳು ಬರುವ ಮೊದಲೇ ನಿಗದಿ ಮಾಡಿ. ಬಂದ ಮೇಲೆ ಮಾಡಿದರೆ ಯಾರಿಗೋ ಬೇಕಾಗಿ ಮಾಡಿದಂತೆ ಕಾಣುತ್ತದೆ.

ಕಡತಪಾಲ

ಮೀಸಲಿಗಿಂತ ಮೊದಲು ನಾಮನಿರ್ದೇಶನ ನೋಡಿ. “ಒಂದು ಸಂಸ್ಥೆಯಿಂದ ಒಬ್ಬರೇ ಅಭ್ಯರ್ಥಿ” ಎಂಬ ಯೋಜನೆಗಳಲ್ಲಿ ಆಯ್ಕೆ ನಡೆದುಹೋಗುವುದು ಸಂಸ್ಥೆಯ ಒಳಗೆ, ಲೆಕ್ಕ ಎಲ್ಲೂ ಇರುವುದಿಲ್ಲ. ಕೆನಡಾ 2010ರಲ್ಲಿ ಪ್ರತಿಷ್ಠಿತ ಎಕ್ಸಲೆನ್ಸ್ ಪೀಠಗಳ (ಸರ್ಕಾರದ ಹಣದ ಸಂಶೋಧನಾ ಪ್ರಾಧ್ಯಾಪಕ ಸ್ಥಾನಗಳು) ಮೊದಲ ಸುತ್ತಿನಲ್ಲಿ 19 ಜನರನ್ನು ಆರಿಸಿತು. ಹತ್ತೊಂಬತ್ತೂ ಪುರುಷರೇ. ಐರ್ಲೆಂಡ್ 2015ರಲ್ಲಿ ಯುವ ಸಂಶೋಧಕರ ಅನುದಾನಕ್ಕೆ ಒಂದು ಸರಳ ನಿಯಮ ಮಾಡಿತು: ಸಂಸ್ಥೆಯೊಂದು ಗರಿಷ್ಠ 12 ಜನರನ್ನು ಕಳಿಸಬಹುದು, ಅದರಲ್ಲಿ ಪುರುಷರು 6ಕ್ಕಿಂತ ಹೆಚ್ಚಿರಬಾರದು. ಮೌಲ್ಯಮಾಪನ ಮೊದಲಿನಂತೆಯೇ ನಡೆಯಿತು, ಯಾರಿಗೂ ಹೆಚ್ಚುವರಿ ಅಂಕ ಕೊಡಲಿಲ್ಲ. ಇದು ಮೀಸಲಲ್ಲ, ಬಾಗಿಲಲ್ಲಿ ನಿಂತು ಎಣಿಸುವುದು. ಮಹಿಳೆಯರಿಗೆ ಸಿಕ್ಕ ಪಾಲು ಗಣನೀಯವಾಗಿ ಏರಿತು.

ಸೂಚ್ಯಂಕ

ಅನುದಾನ ಪಡೆಯುವ ಸಂಸ್ಥೆಗಳಿಗೆ ಷರತ್ತು ಹಾಕುವ ಬಗ್ಗೆ ಯಾರೂ ಬರೆದಿಲ್ಲ. ಹೊರೈಜನ್ ಯುರೋಪ್ 2022ರ ಆಹ್ವಾನಗಳಿಂದ ಸಾರ್ವಜನಿಕ ಸಂಸ್ಥೆ, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಲಿಂಗ ಸಮಾನತಾ ಯೋಜನೆಯನ್ನು ಕಡ್ಡಾಯ ಮಾಡಿದೆ. ಅದರಲ್ಲಿ ನಾಲ್ಕು ಅಂಶ ಇರಲೇಬೇಕು: ಆಡಳಿತದ ಮುಖ್ಯಸ್ಥರು ಸಹಿ ಮಾಡಿ ಜಾಲತಾಣದಲ್ಲಿ ಪ್ರಕಟಿಸಿದ ದಾಖಲೆ, ಅದಕ್ಕೆಂದೇ ಮೀಸಲಿಟ್ಟ ಜನ ಮತ್ತು ಹಣ, ಲಿಂಗವಾರು ಅಂಕಿಅಂಶ ಹಾಗೂ ವಾರ್ಷಿಕ ವರದಿ, ಸಿಬ್ಬಂದಿಗೂ ನಿರ್ಧಾರ ಮಾಡುವವರಿಗೂ ತರಬೇತಿ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡಿಯಾದರೂ. ಎರಡನೆಯದರಲ್ಲಿ ಜಾರಿಕೊಳ್ಳುತ್ತಾರೆ. ಪರಿಶೀಲಿಸುವವರು ಒಂದೇ ಪ್ರಶ್ನೆ ಕೇಳಿದರೆ ಸಾಕು: ಈ ಕೆಲಸಕ್ಕೆ ಯಾರ ಎಷ್ಟು ಗಂಟೆ, ಯಾವ ಲೆಕ್ಕ ಶೀರ್ಷಿಕೆಯಿಂದ?

ಬ್ರಿಟನ್ನಿನ ಅನುಭವ ಎಚ್ಚರಿಕೆಯೂ ಹೌದು. ಅಲ್ಲಿ 2005ರಲ್ಲಿ, ವಿಶ್ವವಿದ್ಯಾಲಯಗಳ ಲಿಂಗ ಸಮಾನತೆಯ ಕೆಲಸವನ್ನು ಅಳೆಯುವ ಅಥೀನಾ ಸ್ವಾನ್ ಎಂಬ ದರ್ಜೆ ಪದ್ಧತಿ ಬಂತು. 2011ರಲ್ಲಿ ಆರೋಗ್ಯ ಸಂಶೋಧನೆಯ ದೊಡ್ಡ ಅನುದಾನಗಳಿಗೆ ಬೆಳ್ಳಿ ದರ್ಜೆ ಬೇಕು ಎಂದು ಘೋಷಿಸಿದ ಕೂಡಲೇ ವೈದ್ಯಕೀಯ ವಿಭಾಗಗಳು ಸಾಲುಗಟ್ಟಿ ಅರ್ಜಿ ಹಾಕಿದವು. ಹಣಕ್ಕೆ ಕಟ್ಟಿದಾಗ ಮಾತ್ರ ಕೆಲಸ ಓಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ದರ್ಜೆಗೆ ಬೇಕಾದ ರಾಶಿ ರಾಶಿ ದಾಖಲೆ ತಯಾರಿಸುವ ಹೊರೆ ಹೆಚ್ಚಾಗಿ ಬಿದ್ದಿದ್ದು ಆ ವಿಭಾಗಗಳ ಮಹಿಳೆಯರ ಮೇಲೆಯೇ, ಅವರ ಸಂಶೋಧನಾ ಸಮಯದಿಂದ ಕತ್ತರಿಸಿ. ಕಾಗದಪತ್ರದ ಹೊರೆ ಇಳಿಸುವ ಕಾರಣ ಕೊಟ್ಟು 2020ರಲ್ಲಿ ಆ ಷರತ್ತನ್ನು ಕೈಬಿಟ್ಟರು. ಷರತ್ತು ಇರಲಿ, ದಾಖಲೆ ನಾಲ್ಕು ಪುಟ ಮೀರದಿರಲಿ, ಬರೆಯುವವರ ಬೋಧನಾ ಹೊರೆ ಅಷ್ಟರಮಟ್ಟಿಗೆ ಇಳಿಯಲಿ.

ಪ್ಯಾನೆಲ್‌ಗಳಲ್ಲೂ ಇದೇ ಅಪಾಯ. ಶೇಕಡಾ 40 ಮಹಿಳೆಯರಿರಬೇಕು ಅಂದಾಗ ಶೇಕಡಾ 15 ಮಹಿಳೆಯರಿರುವ ವಿಷಯದಲ್ಲಿ ಅದೇ ನಾಲ್ಕಾರು ಜನರನ್ನು ಎಲ್ಲ ಸಮಿತಿಗೂ ಎಳೆಯುತ್ತಾರೆ. ಒಬ್ಬರಿಗೆ ವರ್ಷಕ್ಕೆ ಇಷ್ಟೇ ಸಮಿತಿ ಎಂಬ ಮಿತಿ ಇಟ್ಟು, ನೆರೆಯ ವಿಷಯಗಳಿಂದ, ಹೊರದೇಶಗಳಿಂದ ಕರೆಯಿರಿ. ಮಹಿಳೆಯರು ಕೂತ ಮಾತ್ರಕ್ಕೆ ಪ್ಯಾನೆಲ್ ಪಕ್ಷಪಾತ ಬಿಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಚರ್ಚೆಗೆ ಮುಂಚೆ ಎಲ್ಲರೂ ಲಿಖಿತ ಅಂಕ ಸಲ್ಲಿಸುವುದು, ಪ್ರತಿ ಅರ್ಜಿಗೂ ಸಮಾನ ನಿಮಿಷ ಕೊಡುವುದು, ಅಧ್ಯಕ್ಷರು ಕೊನೆಗೆ ಮಾತಾಡುವುದು ಇವೇ ಹೆಚ್ಚು ಉಪಕಾರಿ. ಸ್ವೀಡನ್ನಿನ ಸಂಶೋಧನಾ ಮಂಡಳಿ ಪ್ಯಾನೆಲ್ ಸಭೆಗಳಿಗೆ ವೀಕ್ಷಕರನ್ನು ಕಳಿಸಿ, ಯಾರ ಬಗ್ಗೆ ಯಾವ ಥರದ ಮಾತು ಬಂತು ಎಂದು ಬರೆಸಿ ವರದಿ ಪ್ರಕಟಿಸಿದೆ.

ಇನ್ನೊಂದು, ಲೈಂಗಿಕ ಕಿರುಕುಳ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2018ರಿಂದ, ಮುಖ್ಯ ಸಂಶೋಧಕರ ಮೇಲಿನ ಆರೋಪ ಸಾಬೀತಾದರೆ ಅಥವಾ ವಿಚಾರಣೆಯ ನಡುವೆ ಅವರನ್ನು ರಜೆಯ ಮೇಲೆ ಕಳಿಸಿದರೆ ಸಂಸ್ಥೆ ತನಗೆ ತಿಳಿಸಲೇಬೇಕು ಎಂದು ಷರತ್ತು ಹಾಕಿದೆ. ಇದರ ಜೊತೆ ಒಂದು ಸಾಲು ಸೇರಿಸಬೇಕು: ಅನುದಾನ ನಿಲ್ಲಿಸುವ ಬದಲು ಬೇರೆ ಸಂಶೋಧಕರಿಗೆ ವರ್ಗಾಯಿಸಲಾಗುವುದು. ಇಲ್ಲದಿದ್ದರೆ ದೂರು ಕೊಟ್ಟ ವಿದ್ಯಾರ್ಥಿನಿಯ ಫೆಲೋಶಿಪ್ಪೇ ಮೊದಲು ನಿಲ್ಲುತ್ತದೆ. ಆ ಭಯದಿಂದಲೇ ಎಷ್ಟೋ ದೂರುಗಳು ದಾಖಲಾಗುವುದಿಲ್ಲ.

ನಿಯಮಾವಳಿ

ಎಲ್ಲರಿಗೂ ಧನ್ಯವಾದ. ಒಂದೇ ಒಂದು ಸುತ್ತಿನ ಸಮಯ, ಹೆಚ್ಚುವರಿ ಸಿಬ್ಬಂದಿ ಇಲ್ಲ ಅಂದರೆ ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕು? ಅಂಕಿಅಂಶ ಪ್ರಕಟಿಸುವಾಗ ಖಾಸಗಿತನದ ಸಮಸ್ಯೆ ಬರುತ್ತದಲ್ಲ, ಅದಕ್ಕೇನು ಮಾಡುವುದು?

ಕಡತಪಾಲ

ಆಹ್ವಾನ ಹೊರಡುವ ಮುನ್ನ: ನಮೂನೆಯಲ್ಲಿ ತಾನಾಗಿ ಲೆಕ್ಕವಾಗುವ ಅವಧಿ ವಿನಾಯಿತಿ, ಹಿಂದಿನ ಸುತ್ತುಗಳ ಮೊತ್ತ, ಆಯ್ದ ಐದು ಕೃತಿಗಳ ನಿಯಮ. ಮೂರಕ್ಕೂ ಹಣ ಬೇಕಿಲ್ಲ. ಮೌಲ್ಯಮಾಪನಕ್ಕೆ ಮುಂಚೆ: ಅಂಕದ ತೂಕವನ್ನು ವ್ಯಕ್ತಿಯಿಂದ ಪ್ರಸ್ತಾವನೆಗೆ ಸರಿಸುವುದು. ರಜೆ ಸಂಬಳದ ಕೇಂದ್ರ ನಿಧಿಗೆ ಹಣಕಾಸು ವಿಭಾಗದ ಒಪ್ಪಿಗೆ ಬೇಕು, ತಿಂಗಳುಗಳು ಹಿಡಿಯುತ್ತವೆ, ಆ ಕಡತವನ್ನು ಇವತ್ತೇ ಶುರು ಮಾಡಿ. ಹೆಸರು ಮರೆಮಾಚುವುದನ್ನು ಮೊದಲ ಸುತ್ತಿಗೇ ಎಲ್ಲ ಕಡೆ ತರಬೇಡಿ. ಅರ್ಜಿದಾರರಿಗೆ ಬರೆಯುವ ರೀತಿ ಕಲಿಯಲು ಸಮಯ ಬೇಕು, ಒಂದು ಸಣ್ಣ ಯೋಜನೆಯಲ್ಲಿ ಮಾಡಿ ನೋಡಿ.

ಅಂಕಿಸಂಖ್ಯೆ

ಖಾಸಗಿತನಕ್ಕೆ: ನಮೂನೆಯಲ್ಲಿ ಮಹಿಳೆ, ಪುರುಷ, ಇತರೆ, ಹೇಳಲಿಚ್ಛಿಸುವುದಿಲ್ಲ ಎಂಬ ನಾಲ್ಕು ಆಯ್ಕೆ ಇರಲಿ, ಅರ್ಜಿದಾರರೇ ತುಂಬಲಿ, ಹೆಸರು ನೋಡಿ ಸಿಬ್ಬಂದಿ ಊಹಿಸಬಾರದು. ಈ ಪುಟ ಮೌಲ್ಯಮಾಪಕರಿಗೆ ಕಾಣಬಾರದು. ಪ್ರಕಟಿಸುವ ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಇರುವ ಮನೆಗಳನ್ನು ಖಾಲಿ ಬಿಡಿ. ಒಂದೇ ಮನೆ ಖಾಲಿ ಬಿಟ್ಟರೆ ಒಟ್ಟು ಮೊತ್ತದಿಂದ ಕಳೆದು ಯಾರು ಬೇಕಾದರೂ ಕಂಡುಹಿಡಿಯಬಹುದು, ಆದ್ದರಿಂದ ಅದೇ ಸಾಲಿನ ಇನ್ನೊಂದು ಮನೆಯನ್ನೂ ಮುಚ್ಚಬೇಕು, ಅಥವಾ ಎರಡು ವರ್ಷಗಳ ಅಂಕಿ ಕೂಡಿಸಿ ಕೊಡಬೇಕು. ಒಳಗಿನ ಪೂರ್ಣ ಕೋಷ್ಟಕ ಮಾತ್ರ ಪ್ರತಿ ಸುತ್ತು ಮುಗಿದ ಮೇಲೆ ಪ್ಯಾನೆಲ್ ಅಧ್ಯಕ್ಷರ ಕೈಗೆ ಹೋಗಲಿ, ಮುಂದಿನ ಸುತ್ತಿನ ಅಂಕ ಕೊಡುವ ಮೊದಲೇ.